ಕೀಲಿ ಬಿದ್ದ ಫೋನು

ಪುಣೆಯ ಬಿಬವೇವಾಡಿಯ ಆ ಮೂರನೆಯ ಮಹಡಿಯ ಮನೆಯಲ್ಲಿ ಬೆಳಿಗ್ಗೆ ಎದ್ದವರು ಮೊದಲು ದೇವರ ಮುಖ ನೋಡುತ್ತಿರಲಿಲ್ಲ, ಪಡಸಾಲೆಯ ಕಪಾಟಿನ ಮೇಲಿದ್ದ ಮೋಡೆಮ್ಮಿನ ಮುಖ ನೋಡುತ್ತಿದ್ದರು. ಅದರ ಎರಡನೆಯ ದೀಪ ಹಸಿರಾಗಿ ನಿಂತಿದ್ದರೆ ಚನ್ನಬಸವ್ವ ಚಹಾಕ್ಕೆ ನೀರಿಡುತ್ತಿದ್ದಳು. ದೀಪ ಮಿಟುಕುತ್ತಿದ್ದರೆ ಮೊದಲು ಗಾಜಿನ ಕಪ್ಪುಗಳನ್ನು ಒಳಗಿಟ್ಟು ಸ್ಟೀಲಿನ ಲೋಟ ತೆಗೆಯುತ್ತಿದ್ದಳು. ಮಗ ಸಂಜು ಸಿಟ್ಟಿನಲ್ಲಿ ಏನನ್ನು ಎಸೆಯುತ್ತಾನೆ ಎಂಬುದು ಅವನ ಕೈಗೆ ಏನು ಸಿಗುತ್ತದೆ ಎಂಬುದರ ಮೇಲಿತ್ತು.

ಕರೋನಾ ಬಂದಾಗ ಸಂಜುವಿನ ವಾಕಡದ ಆಫೀಸು ಬಾಗಿಲು ಹಾಕಿತು. ಆಮೇಲೆ ತೆರೆಯಿತಾದರೂ ಅವನನ್ನು ಮಾತ್ರ ಮನೆಯಿಂದಲೇ ಕೆಲಸ ಮಾಡು ಎಂದಿತು. ಅಂದಿನಿಂದ ಪಡಸಾಲೆಯೇ ಆಫೀಸು. ಫೈಬರ್ ಎಂಬ ಹೊಸ ನಮೂನೆಯ ಗಾಜಿನ ತಂತಿ ಎಳೆಯಲು ಬಂದವರ ಸಂಗಡ, ಗೋಡೆಗೆ ಹೊಸ ಬಣ್ಣ ಬಳಿದಿದೆ, ರಂಧ್ರ ಕೊರೆಯಬೇಡಿ ಎಂದು ಕಟ್ಟಡದ ಸೊಸೈಟಿಯವರು ಜಗಳವಾಡಿ ಕಳಿಸಿದ್ದರು. ಹಾಗಾಗಿ ಈ ಕಟ್ಟಡಕ್ಕೆ ನೆಟ್ಟು ಬರುವುದು ಹಳೆಯ ಫೋನಿನ ತಂತಿಯ ಮೇಲೆಯೇ. ಅದು ಮಾತಿನ ಮಧ್ಯದಲ್ಲಿ ಕಡಿದುಹೋಗುತ್ತಿತ್ತು. ಕಂಪ್ಯೂಟರಿನೊಳಗಿನ ಮುಖಗಳು ಬಾಯಿ ತೆರೆದುಕೊಂಡೇ ನಿಂತುಬಿಡುತ್ತಿದ್ದವು. ಮತ್ತೆ ಬಂದಾಗ ಆಫೀಸಿನ ಸಾಹೇಬನ ದನಿಯಲ್ಲಿ ಒಂದು ನಗೆ ಇರುತ್ತಿತ್ತು. ಆ ನಗೆಯ ಬೆಲೆಯನ್ನು ಸಂಜುವಿನ ಹೆಂಡತಿ ಮಾಧುರಿ ತೆರಬೇಕಾಗುತ್ತಿತ್ತು.

ಮೊದಮೊದಲು ಕುರ್ಚಿ ಒದೆಯುತ್ತಿದ್ದ. ಆಮೇಲೆ ಕಪಾಳಕ್ಕೆ ಬಂತು. ಮುಂದೆ ಕೈ ತಿರುವಿ ಬೆನ್ನಿಗೆ ಹಚ್ಚುವುದಕ್ಕೆ ಬಂತು. "ನೀ ಒಳಗ ಕುಂತು ವಿಡಿಯೊ ನೋಡ್ತಿ. ನನ್ನ ನೆಟ್ಟೆಲ್ಲಾ ನೀನ ಕುಡದುಬಿಡ್ತಿ!" ಎಂದು ಒಂದು ದಿನ ಅವಳ ಮೊಬೈಲನ್ನು ಕಸಿದು ರುಬ್ಬುವ ಕಲ್ಲಿನ ಮೇಲೆ ಇಟ್ಟು ಗುಂಡಿನಿಂದ ಜಜ್ಜಿದ. ಗಾಜಿನ ಚೂರು ಚಟ್ನಿಯಲ್ಲಿ ಸೇರೀತೆಂದು ಚನ್ನಬಸವ್ವ ಮೂರು ಸಲ ಕಲ್ಲು ತೊಳೆದಳು. ಕಡೆಗೆ ಅಂದು ಚಟ್ನಿಯನ್ನೇ ಅರೆಯಲಿಲ್ಲ.

ಏಟಿನ ಸಪ್ಪಳ ಚನ್ನಬಸವ್ವನಿಗೆ ಹೊಸದಲ್ಲ. ಬೈಲಹೊಂಗಲದ ಕಡೆಯಿಂದ ಲಗ್ನವಾಗಿ ಪುಣೆಗೆ ಬಂದವಳು ಅವಳು. ಗಂಡ ರಾಮಲಿಂಗಪ್ಪ ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲದ ವ್ಯಾಪಾರಿಯೊಬ್ಬನ ಹತ್ತಿರ ಗುಮಾಸ್ತನಾಗಿದ್ದ. ಮನೆಗೆ ಫೋನು ಬಂದ ದಿನ ಅವನು ಪೇಢೆ ಹಂಚಿದ. ಮರುದಿನ ಒಂದು ಹಿತ್ತಾಳೆಯ ಪುಟ್ಟ ಕೀಲಿ ತಂದು ಫೋನಿನ ತಿರುಗುವ ಚಕ್ರದ ತೂತಿಗೆ ಸಿಕ್ಕಿಸಿ ಬೀಗ ಜಡಿದ. ಚಕ್ರ ತಿರುಗದು, ಹೆಂಡತಿ ತವರಿಗೆ ಮಾತಾಡಳು. ಕೀಲಿಕೈ ಅವನ ಉಡದಾರದಲ್ಲಿ ಇರುತ್ತಿತ್ತು. ಮಲಗಿದಾಗಲೂ ಬಿಚ್ಚುತ್ತಿರಲಿಲ್ಲ.

ಎದುರು ಮನೆಯ ಗೋದಾ ಎಂಬ ಮರಾಠಿ ಹೆಣ್ಣುಮಗಳು ಉಪಾಯ ಹೇಳಿಕೊಟ್ಟಳು. ಚಕ್ರ ಯಾಕೆ ಬೇಕು? ರಿಸೀವರು ಕೂರುವ ಜಾಗದ ಗುಂಡಿಯನ್ನು ಬೆರಳಿನಿಂದ ತಟ್ಟು. ಎರಡಕ್ಕೆ ಎರಡು ತಟ್ಟು, ಐದಕ್ಕೆ ಐದು, ಸೊನ್ನೆಗೆ ಹತ್ತು. ಒಂದು ಅಂಕೆ ಮುಗಿದ ಮೇಲೆ ಉಸಿರು ಬಿಡುವಷ್ಟು ತಡೆ. ಚನ್ನಬಸವ್ವನಿಗೆ ಅಕ್ಷರ ಅಷ್ಟಕ್ಕಷ್ಟೇ, ಎಣಿಕೆ ಮಾತ್ರ ಎಂದೂ ತಪ್ಪುತ್ತಿರಲಿಲ್ಲ. ತಟ್ಟಿ, ತವರಿನ ಅಣ್ಣನ ದನಿ ಕೇಳಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಅದು ಗಂಡನಿಗೆ ಗೊತ್ತಾದ ದಿನ, ಅವನು ಅವಳ ಬಲಗೈಯ ತೋರುಬೆರಳನ್ನು ಚೌಕಟ್ಟಿನ ಸಂದಿಗೆ ಇಟ್ಟು ಬಾಗಿಲು ಹಾಕಿದ. ಬೆರಳು ಇಂದಿಗೂ ಗಾಳದ ಹಾಗೆ ಬಾಗಿದೆ.

ಅವನು ಸತ್ತಾಗ ಲಿಂಗಾಯತರ ಪದ್ಧತಿಯಂತೆ ಕೂರಿಸಿ ಮಣ್ಣು ಮಾಡಿದರು. ಸಮಾಧಿ ಮುಚ್ಚಿ ಎಲ್ಲರೂ ಕೈಕಾಲು ತೊಳೆಯುತ್ತಿರುವಾಗ ಅವನ ತಮ್ಮನಿಗೆ ನೆನಪಾಯಿತು. "ಅಯ್ಯ, ಕೀಲಿಕೈ ಅಣ್ಣನ ಉಡದಾರದಾಗ ಉಳೀತಲ್ಲ! ತಗಸೂಣೇನು ವೈನಿ?"

"ಬ್ಯಾಡ ಬಿಡ್ರಿ," ಎಂದಳು ಚನ್ನಬಸವ್ವ. "ಅವರ ಹತ್ರನ ಇರ್ಲಿ. ಅಲ್ಲೆ ಯಾರಿಗರೆ ಬೇಕಾದೀತು."

ಪಡಸಾಲೆಗೆ ಗುಂಡಿ ಒತ್ತುವ ಹೊಸ ಫೋನು ಬಂತು. ಕೀಲಿ ಬಿದ್ದ ಕರಿ ಫೋನು ಅಟ್ಟ ಸೇರಿತು. ಆದರೆ ರಾಮಲಿಂಗಪ್ಪ ತನ್ನ ಹಾಸಿಗೆಯ ತಲೆದೆಸೆಗೆ ಎಳೆಸಿಕೊಂಡಿದ್ದ ತಂತಿ ಮಾತ್ರ ಗೋಡೆಯ ಮೇಲೆ ಹಾಗೆಯೇ ಉಳಿದಿತ್ತು. ಅದೇ ಕೋಣೆಯಲ್ಲಿ ಈಗ ಚನ್ನಬಸವ್ವ ಮಲಗುತ್ತಿದ್ದಳು.

ಮೊಬೈಲು ಜಜ್ಜಿದ ಮರುವಾರ ಮಾಧುರಿ ಉಣ್ಣುವುದನ್ನು ಬಿಟ್ಟಳು. ಕರೆದರೆ ಓ ಎನ್ನುತ್ತಿರಲಿಲ್ಲ. ಧಾರವಾಡದಲ್ಲಿ ಅವಳಿಗೆ ಇದ್ದವಳು ಅಕ್ಕ ನೀತಾ ಒಬ್ಬಳೇ. ಹುಡುಗಿ ಹೀಗೆಯೇ ಕೂತರೆ ಒಂದು ದಿನ ತಾರಸಿಯಿಂದ ಕೆಳಗೆ ಬೀಳುತ್ತಾಳೆ ಎಂದು ಚನ್ನಬಸವ್ವನಿಗೆ ಅನಿಸಿತು. ಅವಳು ಸ್ಟೂಲು ಹಾಕಿಕೊಂಡು ಅಟ್ಟದಿಂದ ಕರಿ ಫೋನು ಇಳಿಸಿ, ಸೆರಗಿನಿಂದ ಒರೆಸಿ, ಹಾಸಿಗೆಯ ಟ್ರಂಕಿನ ಹಿಂದೆ ಹಳೆಯ ತಂತಿಗೆ ಹಚ್ಚಿದಳು. ಕಿವಿಗಿಟ್ಟರೆ ಗುಂಯ್ ಎಂದಿತು.

"ಬಾ ಇಲ್ಲಿ. ನಿಮ್ಮಕ್ಕನ ನಂಬರ್ ಹೇಳು."

"ಅತ್ತೀ, ಇದಕ್ಕ ಕೀಲಿ ಅದ ಅಲ್ರಿ."

"ಕೀಲಿ ಅದಕ್ಕ ಹಾಕ್ಯಾರ, ನನಗ ಹಾಕಿಲ್ಲ. ನೀ ಹೇಳು."

ಮಾಧುರಿ ಒಂದೊಂದೇ ಅಂಕೆ ಹೇಳಿದಳು. ಚನ್ನಬಸವ್ವ ಬಾಗಿದ ಬೆರಳಿನಿಂದ ತಟ್ಟಿದಳು. ಅತ್ತ ನೀತಾ "ಯಾರ್ರಿ?" ಎಂದಾಗ ಮಾಧುರಿಯ ಗಂಟಲಿನಿಂದ ಬಂದ ಸದ್ದನ್ನು ಚನ್ನಬಸವ್ವ ಮೊದಲು ಒಮ್ಮೆ ಕೇಳಿದ್ದಳು, ತನ್ನದೇ ಗಂಟಲಿನಿಂದ.

ಆ ಮಾತು ಮುಗಿಯುವುದರೊಳಗೆ ಪಡಸಾಲೆಯಲ್ಲಿ ಕುರ್ಚಿ ಬಿತ್ತು. "ಮತ್ತ ಹೋತು! ಹಲ್ಕಟ್ ನೆಟ್ಟು ಮತ್ತ ಹೋತು!" ಅತ್ತೆ ಸೊಸೆ ಫೋನನ್ನು ಕೌದಿಯ ಕೆಳಗೆ ನೂಕಿದರು. ಸಂಜು ಒಳಗೆ ಬಂದು ಮಾಧುರಿಯನ್ನು ಕೂದಲು ಹಿಡಿದು ಎಳೆದೊಯ್ದ. ಅಂದು ಕಂಪ್ಯೂಟರಿನ ಚಾರ್ಜರಿನ ವಾಯರಿನಿಂದ ಹೊಡೆದ. ತಡೆಯಲು ಹೋದ ತಾಯಿಯನ್ನು ಮೊಳಕೈಯಿಂದ ಗೋಡೆಗೆ ತಳ್ಳಿದ.

ಮರುದಿನ ಮಾಧುರಿಗೆ ಅಕ್ಕನ ದನಿ ಇನ್ನೂ ಹೆಚ್ಚು ಬೇಕಾಯಿತು. ಮತ್ತೆ ತಟ್ಟಿದರು. ಮತ್ತೆ ನೆಟ್ಟು ಹೋಯಿತು. ಮತ್ತೆ ಏಟು. ಎಷ್ಟೋ ದಿನ ಹೀಗೆಯೇ ನಡೆಯಿತು. ತಾವೂ ಸಂಜುವೂ ಒಂದೇ ಹಗ್ಗದ ಎರಡು ತುದಿ ಹಿಡಿದು ಎಳೆಯುತ್ತಿದ್ದೇವೆ ಎಂದು ಅತ್ತೆ ಸೊಸೆಗೆ ಹೊಳೆಯಲಿಲ್ಲ. ನೆಟ್ಟಿಗೂ ತಮ್ಮ ಮಾತಿಗೂ ಏನು ಸಂಬಂಧ? ಅದು ಕಂಪ್ಯೂಟರು, ಇದು ಫೋನು.

ಸಂಜು ದೂರು ಕೊಟ್ಟಿದ್ದಕ್ಕೆ ಲೈನ್‌ಮನ್ ಪ್ರಲ್ಹಾದ ಬಂದ. ಅಕ್ಕಲಕೋಟೆಯವನು, ಕನ್ನಡ ಬಲ್ಲವನು. ಮೊದಲ ಸಲ ಮೋಡೆಮ್ ಬದಲಿಸಿದ. ಎರಡನೆಯ ಸಲ ಕಟ್ಟಡದ ಕೆಳಗಿನ ಡಬ್ಬಿಯಲ್ಲಿ ಮಳೆನೀರಿಗೆ ಹಸಿರುಗಟ್ಟಿದ ತಂತಿಯ ತುದಿ ಕತ್ತರಿಸಿ ಹೊಸದಾಗಿ ಹೊಸೆದ. ಅವನು ಇರುವಾಗ ದೀಪ ಚೆನ್ನಾಗಿ ಉರಿಯುತ್ತಿತ್ತು. ಅವನು ಹೋದ ಮೇಲೆ ಆರುತ್ತಿತ್ತು. ಮೂರನೆಯ ಸಲ ಸಂಜು ಅವನ ಅಂಗಿಯ ಕಾಲರು ಹಿಡಿದ.

"ನಿನ್ನ ಹಲ್ಲು ಉದುರಸ್ತೀನಿ. ಆಟ ಆಡಾಕತ್ತೀ ಏನು?"

"ಹಲ್ಲು ಉದುರಿದ್ರ ನೆಟ್ ಬರೂದಿದ್ರ ಉದುರಸ್ರಿ ಸಾಹೇಬ," ಎಂದ ಪ್ರಲ್ಹಾದ, ಕೈ ಬಿಡಿಸಿಕೊಳ್ಳುತ್ತ. "ಹೊರಗಿಂದ ಲೈನ್ ಛಲೋನ ಬರ್ತದ. ನಿಮ್ಮ ಮನಿಯೊಳಗ ಬಂದ ಮ್ಯಾಲೆ ಕೆಡತದ. ಇನ್ನೊಂದ ಫೋನ್ ಎಲ್ಲೆರೆ ಅದ ಏನು?"

"ಇಲ್ಲ."

ಪ್ರಲ್ಹಾದ ಗೋಡೆ ನೋಡುತ್ತ ನಡೆದ. ಹೊರಗಿನ ತಂತಿ ಬಾಗಿಲ ಬಳಿ ಒಳಗೆ ಬಂದು ಎರಡಾಗಿತ್ತು. ಒಂದು ಪಡಸಾಲೆಯ ಚಿಕ್ಕ ಬಿಳಿ ಡಬ್ಬಿಗೆ, ಅಲ್ಲಿಂದ ಮೋಡೆಮ್ಮಿಗೂ ಹೊಸ ಫೋನಿಗೂ. ಇನ್ನೊಂದು, ಸುಣ್ಣ ಮೆತ್ತಿಕೊಂಡು ಗೋಡೆಯಲ್ಲೇ ಮರೆಯಾಗಿದ್ದದ್ದು, ಮೂಲೆ ತಿರುಗಿ ಒಳಕೋಣೆಗೆ. ಅವನು ಅದರ ಬೆನ್ನು ಹತ್ತಿ ಬಂದಾಗ ಚನ್ನಬಸವ್ವ ಟ್ರಂಕಿನ ಮೇಲೆ ಕೂತಿದ್ದಳು. ಅವಳ ಪಕ್ಕದಲ್ಲಿ ಮಾಧುರಿ. ಮಾಧುರಿಯ ಒಂದು ಕಣ್ಣು ತೆರೆಯುತ್ತಿರಲಿಲ್ಲ.

ಪ್ರಲ್ಹಾದ ಬಗ್ಗಿ ಟ್ರಂಕಿನ ಹಿಂದೆ ನೋಡಿದ. ಕರಿ ಫೋನು ನೋಡಿದ, ಕೀಲಿ ನೋಡಿದ, ಆ ಕಣ್ಣು ನೋಡಿದ. ಹೊರಗೆ ಕೇಳುವಂತೆ, "ಸಾಹೇಬ, ಇಲ್ಲೆ ಇಲಿ ತಂತಿ ಕಡದದ! ಸರಿ ಮಾಡ್ತೀನಿ!" ಎಂದು ಕೂಗಿ, ಆಮೇಲೆ ದನಿ ಇಳಿಸಿದ.

"ಆಜಿ, ನೆಟ್ಟೂ ಮಾತೂ ಒಂದ ತಂತಿ ಮ್ಯಾಲೆ ಬರ್ತಾವ. ಎರಡನ್ನೂ ಬ್ಯಾರೆ ಮಾಡಾಕ ಆ ಬಿಳೀ ಡಬ್ಬಿ, ಸ್ಪ್ಲಿಟರ್ ಅಂತಾರ, ಅದು ಬೇಕು. ಈ ಫೋನಿಗೆ ಅದು ಇಲ್ಲ. ನೀವು ಇದನ್ನ ಎತ್ತಿದ್ರ ಸಾಕು, ಅಲ್ಲೆ ದೀಪ ಆರತದ."

"ಎತ್ತಿದಾಗೆಲ್ಲಾ?"

"ಎತ್ತಿದಾಗೆಲ್ಲಾ. ಈಗ ನನ್ನ ಚೀಲದಾಗ ಡಬ್ಬಿ ಇಲ್ಲ. ನಾಳೆ ತರ್ತೀನಿ. ಅಲ್ಲಿ ಮಟಾ ಮುಟ್ಟಬ್ಯಾಡ್ರಿ."

ಅವನು ಹೋದ. ಚನ್ನಬಸವ್ವ ತನ್ನ ಬಾಗಿದ ಬೆರಳನ್ನು ನೋಡುತ್ತ ಕೂತಳು. ತಾನು ಸೊಸೆಗೆ ಮಾತು ಕೊಡಿಸಿದ ಪ್ರತಿಸಲವೂ ಏಟನ್ನೂ ಕೊಡಿಸಿದ್ದಳು. ಈ ಬೆರಳೇ ವಾಯರಾಗಿ ಅವಳ ಬೆನ್ನ ಮೇಲೆ ಬಿದ್ದಿತ್ತು. "ಇನ್ನ ಮುಟ್ಟೂದಿಲ್ಲ, ಮಾಧುರಿ. ನೆಟ್ ಛಲೋ ಇದ್ರ ಅವನೂ ಛಲೋ ಇರ್ತಾನ," ಎಂದಳು.

ಮರುದಿನ ಮುಂಜಾನೆಯಿಂದ ಹಸಿರು ದೀಪ ಕದಲಲಿಲ್ಲ. ಸಂಜು ಸಾಹೇಬನ ಸಂಗಡ ನಕ್ಕು ಮಾತಾಡಿದ. ಮಧ್ಯಾಹ್ನ ಕೆಳಗಿಳಿದು ಹೋಗಿ ಬಿಸಿ ಜಿಲೇಬಿ ತಂದ. ತಾಯಿಯ ಬಾಯಿಗೆ ತಾನೇ ಒಂದು ಇಟ್ಟ. "ಇಲಿ ಮಾಡಿದ ಕೆಲಸ ನೋಡವ್ವ. ನಾ ಸುಮ್ಮನ ಇಕಿ ಮ್ಯಾಲೆ ಹರಿಹಾಯ್ತಿದ್ದೆ." ಚನ್ನಬಸವ್ವನ ಎದೆ ಹಗುರಾಯಿತು. ಮಾಧುರಿಗೂ ಧೈರ್ಯ ಬಂದಿರಬೇಕು.

"ನಾಗರಪಂಚಮಿಗೆ ಅಕ್ಕನ ಮನಿಗೆ ಹೋಗಿ ಬರ್ಲೇನ್ರಿ?" ಎಂದಳು. "ನಾಕ್ ದಿನ ಅಷ್ಟ."

ಸಂಜು ಕೈಯಲ್ಲಿದ್ದ ಜಿಲೇಬಿಯನ್ನು ತಟ್ಟೆಯಲ್ಲಿ ಇಟ್ಟ. ಪಾಕ ಮೆತ್ತಿದ ಬೆರಳುಗಳನ್ನು ಒಂದೊಂದಾಗಿ ಕರ್ಚೀಫಿನಿಂದ ಒರೆಸಿಕೊಂಡ. ಆಮೇಲೆ ಹೊಡೆದ. ಮಾಧುರಿ ಅಡುಗೆಕಟ್ಟೆಯ ಅಂಚಿಗೆ ಬಡಿದು ಕೆಳಗೆ ಬಿದ್ದಳು. ಅವನು ಅವಳ ಹೊಟ್ಟೆಗೆ ಒದ್ದ. "ಹೋಗಿ ಏನ್ ಹೇಳಾಕಿ? ಯಾರ ಮುಂದ ಹೇಳಾಕಿ?" ಎಂದು ಕುತ್ತಿಗೆಗೆ ಮೊಣಕಾಲು ಊರಿದ.

ಚನ್ನಬಸವ್ವ ಕಪಾಟಿನ ಕಡೆ ನೋಡಿದಳು. ಅವಳಿಗೆ ರೂಢಿಯಾಗಿಹೋಗಿತ್ತು. ದೀಪ ಹಸಿರಾಗಿಯೇ ಇತ್ತು. ಸ್ವಲ್ಪವೂ ಮಿಟುಕದೆ ತಣ್ಣಗೆ ಉರಿಯುತ್ತಿತ್ತು.

ಮಾಧುರಿಯ ಕಾಲುಗಳು ನೆಲವನ್ನು ಬಡಿಯುತ್ತಿದ್ದವು. ಚನ್ನಬಸವ್ವ ಮಗನ ತೋಳು ಹಿಡಿದು ಎಳೆದಳು, ಅವನು ಕೊಡವಿದ. ಅವಳು ಒಳಕೋಣೆಗೆ ಓಡಿದಳು. ಟ್ರಂಕಿನ ಹಿಂದಿನಿಂದ ಫೋನು ಎತ್ತಿ, ಟ್ರಂಕಿನ ಮೇಲೆ ಕೂತು, ಮಡಿಲಲ್ಲಿಟ್ಟುಕೊಂಡು ಗುಂಡಿ ತಟ್ಟಿದಳು. ಒಂದು. ಒಂದು. ಎರಡು. ಪೊಲೀಸರ ನಂಬರು ಇಷ್ಟು ಚಿಕ್ಕದು ಎಂದು ಅವಳಿಗೆ ಟಿವಿ ನೋಡಿ ಗೊತ್ತಿತ್ತು, ತಟ್ಟಿದ್ದು ಮಾತ್ರ ಇದೇ ಮೊದಲು.

ಪಡಸಾಲೆಯಲ್ಲಿ ದೀಪ ಆರಿತು. ಸಂಜು ಹಾಗೆಯೇ ಬಿಟ್ಟು ಬಂದಿದ್ದ ಕಂಪ್ಯೂಟರಿನ ಮೀಟಿಂಗಿನ ದನಿಯೊಂದು ಅರ್ಧಕ್ಕೆ ಕಡಿಯಿತು. ಸಂಜುವಿನ ಕಿವಿ ಆ ಕಡೆಗೆ ತಿರುಗಿತು. ಹೆಂಡತಿಯ ಕುತ್ತಿಗೆ ಬಿಡಿಸಿದ್ದು ಅದೇ.

ಅವನು ಒಳಕೋಣೆಯ ಬಾಗಿಲಿಗೆ ಬಂದಾಗ ಚನ್ನಬಸವ್ವ ಮರಾಠಿಯಲ್ಲಿ, ನನ್ನ ಮಗ ಸೊಸೆಯನ್ನು ಕೊಲ್ಲುತ್ತಿದ್ದಾನೆ ಎಂದು ಹೇಳಿ, ಸೊಸೈಟಿಯ ಹೆಸರು, ಮಹಡಿ, ಬಾಗಿಲಿನ ಗುರುತು ಒಂದೂ ಬಿಡದೆ ಹೇಳುತ್ತಿದ್ದಳು.

"ಅವ್ವಾ! ಅಪ್ಪನ ಫೋನು... ನೀನಾ? ಇಷ್ಟ ದಿನ ನನ್ನ ನೆಟ್ ಕಡದಾಕಿ ನೀನಾ?"

"ಹೌದಪ್ಪ, ನಾನ. ಇವತ್ತು ಮುಂಜಾನಿಂದ ನೆಟ್ ಛಲೋ ಇತ್ತಲ್ಲ. ಮತ್ತ ಯಾಕ ಹೊಡದಿ?"

ಅವನು ತಂತಿ ಹಿಡಿದು ಜಗ್ಗಿದ. ಗೋಡೆಯ ಸುಣ್ಣ ಉದ್ದಕ್ಕೂ ಕಿತ್ತು ಬಂತು. ತಾಯಿ ಟ್ರಂಕಿನಿಂದ ಕೆಳಗೆ ಬಿದ್ದಳು. "ಅಪ್ಪ ನಿನಗ ಕೀಲಿ ಹಾಕಿದ್ದ ಬರೋಬ್ಬರಿ ಇತ್ತು," ಎಂದು ಅವಳ ದವಡೆಗೆ ಹೊಡೆದ. ಬಾಯೊಳಗೆ ಜಿಲೇಬಿಯ ಸಿಹಿಯ ಜೊತೆ ರಕ್ತ ಬಂತು. ಅವನು ಎರಡನೆಯ ಏಟಿಗೆ ಬಗ್ಗಿದಾಗ ಚನ್ನಬಸವ್ವ ಎರಡೂ ಕೈಯಲ್ಲಿ ಕರಿ ಫೋನನ್ನು ಎತ್ತಿ ಅವನ ಹಣೆಗೆ ಅಪ್ಪಳಿಸಿದಳು. ಹಿಂದಿನ ಕಾಲದ ಫೋನು, ಕಲ್ಲಿನ ತೂಕ. ಒಳಗಿನ ಗಂಟೆ ಒಮ್ಮೆ ಠಣ್ ಎಂದಿತು. ಹುಬ್ಬು ಸೀಳಿ ನೆತ್ತರು ಕಣ್ಣಿಗೆ ಇಳಿಯಿತು. ಅವನು ಚೌಕಟ್ಟಿಗೆ ಒರಗಿ ಕುಸಿದು ಕುಳಿತ. ತಂದೆ ಅವಳ ಬೆರಳಿಟ್ಟು ಬಾಗಿಲು ಹಾಕಿದ್ದು ಅದೇ ಚೌಕಟ್ಟಿನಲ್ಲಿ.

ಪೊಲೀಸರು ಬಂದಾಗ ಅವಳು ಅಡುಗೆಮನೆಯಲ್ಲಿ ಮಾಧುರಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಚಮಚದಲ್ಲಿ ನೀರು ಹಾಕುತ್ತಿದ್ದಳು. ಬಂದವರಲ್ಲಿ ಒಬ್ಬಳು ಹೆಣ್ಣುಮಗಳು. ಗಂಡಸಿನ ಹಣೆ ಒಡೆದವರು ಯಾರು ಎಂದು ಕೇಳಿದಳು.

"ನಾನು. ನನ್ನ ಮಗ ಅವನು. ಬರಕೋರಿ," ಎಂದಳು ಚನ್ನಬಸವ್ವ.

ನಾಳೆ ಎಂದಿದ್ದ ಪ್ರಲ್ಹಾದ ಬಂದದ್ದು ಪಂಚಮಿಯ ದಿನ, ಬಿಳಿ ಡಬ್ಬಿ ಹಿಡಿದುಕೊಂಡು. ಅಷ್ಟರಲ್ಲಿ ನೀತಾ ಬಂದು ತಂಗಿಯನ್ನು ಧಾರವಾಡಕ್ಕೆ ಕರೆದೊಯ್ದಿದ್ದಳು. ಸಂಜು ಜಾಮೀನಿನ ಮೇಲೆ ಹೊರಬಂದು ಕೋಥರೂಡದಲ್ಲಿ ಗೆಳೆಯನ ಮನೆಯಲ್ಲಿದ್ದ. ಕಂಪ್ಯೂಟರನ್ನೂ ಮೋಡೆಮ್ಮನ್ನೂ ಗೆಳೆಯನೇ ಬಂದು ಒಯ್ದಿದ್ದ. ಕಪಾಟಿನ ಮೇಲೆ ಅದರ ಅಳತೆಯ ಧೂಳಿಲ್ಲದ ಚೌಕ ಒಂದು ಉಳಿದಿತ್ತು.

"ನೆಟ್ಟ ಇಲ್ಲಂದ ಮ್ಯಾಲೆ ಈ ಡಬ್ಬಿ ಯಾಕ ಬೇಕ್ರಿ ಆಜಿ?" ಎಂದ ಪ್ರಲ್ಹಾದ.

"ಡಬ್ಬಿ ಇರ್ಲಿ. ಹರದ ತಂತಿ ಜೋಡಸು. ಮತ್ತ ಇಕ್ಕಳ ತಂದೀಯೇನು? ಈ ಕೀಲಿ ಕತ್ತರಿಸು."

ಪ್ರಲ್ಹಾದ ತಂತಿ ಜೋಡಿಸಿ, ಕೀಲಿಗೆ ಇಕ್ಕಳ ಹಚ್ಚಿ ಒತ್ತಿದ. ಹಿತ್ತಾಳೆಯ ಕೀಲಿ ಎರಡಾಗಿ ನೆಲಕ್ಕೆ ಬಿತ್ತು. ಚನ್ನಬಸವ್ವ ಬಾಗಿದ ಬೆರಳನ್ನು ಚಕ್ರದ ತೂತಿಗೆ ಹಾಕಿದಳು. ಆ ಬೆರಳು ಅಲ್ಲಿಗೇ ಅಳತೆ ಮಾಡಿ ಬಾಗಿಸಿದ ಹಾಗೆ ಕೂತಿತು. ನೀತಾಳ ನಂಬರಿನ ಪ್ರತಿ ಅಂಕೆಗೂ ಚಕ್ರ ಕರ್ರ್ ಎಂದು ಹೋಗಿ ಕರ್ರ್ ಎಂದು ಬಂತು. ಅತ್ತ ಎತ್ತಿದವಳು ಮಾಧುರಿಯೇ. ಅವಳ ದನಿ ಇನ್ನೂ ಒಡೆದುಕೊಂಡೇ ಇತ್ತು.

"ಪಂಚಮಿ ಉಂಡಿ ಕಟ್ಟಿದ್ರೇನ?" ಎಂದು ಚನ್ನಬಸವ್ವ ಕೇಳಿದಳು. ಬೇರೆ ಏನು ಕೇಳಬೇಕೆಂದು ತಿಳಿಯಲಿಲ್ಲ.

"ಕಟ್ಟೀವ್ರಿ ಅತ್ತೀ. ಶೇಂಗಾದ್ದು, ಎಳ್ಳಿಂದು. ರವಾದ್ದು ಅಕ್ಕ ಕೆಡಿಸಿದ್ಲು, ಪಾಕ ಗಟ್ಟಿ ಆತು. ಕಲ್ಲಾಗ್ಯಾವ."

"ಹಾಲಿನ ಕೈ ಹಚ್ಚಿ ಮತ್ತೊಮ್ಮಿ ಕಟ್ಟಬೇಕಲ್ಲ, ಹುಚ್ಚಿ..."

ಪ್ರಲ್ಹಾದ ತನ್ನ ಚೀಲ ಎತ್ತಿಕೊಂಡು, ಬಾಗಿಲು ಸದ್ದಾಗದಂತೆ ಎಳೆದುಕೊಂಡು ಹೋದ. ಚನ್ನಬಸವ್ವ ದವಡೆಯ ನೋವಿಗೆ ರಿಸೀವರನ್ನು ಇನ್ನೊಂದು ಕಿವಿಗೆ ಬದಲಿಸಿ, ಪಾಕದ ಹದ ಹೇಳತೊಡಗಿದಳು.