ಬಿಸ್ಕತ್ತಿನ ಡಬ್ಬಿಯ ದೇವಸ್ಥಾನ

ಇವತ್ತು ಬೆಳಿಗ್ಗೆ ಬಾಗಿಲು ತೆಗೆದರೆ ಎದುರು ಫ್ಲ್ಯಾಟಿನಿಂದ ಊದುಬತ್ತಿಯ ವಾಸನೆ. ಬಹ್ರೇನಿನ ಜಿಂಜ್‌ನ ಈ ಕಟ್ಟಡದಲ್ಲಿ ಆ ವಾಸನೆ ಮೂಗಿಗೆ ಬಿದ್ದರೆ ನನಗೆ ಇಂದಿಗೂ ಕಿವಿ ಬಿಸಿಯಾಗುತ್ತದೆ. ಯಾಕೆಂದು ಹೇಳುತ್ತೇನೆ, ನಗಬೇಡಿ.

ಎದುರು ಮನೆಯ ಮೇ ಆಂಟಿ ಪೆನಾಂಗಿನ ಚೀನೀ ಹೆಂಗಸು. ಹೋಟೆಲೊಂದರಲ್ಲಿ ಹೊಲಿಗೆಯ ಕೆಲಸ ಮಾಡುತ್ತಿದ್ದರು. ಅವರ ಮುತ್ತಜ್ಜ ಚೀನಾ ಬಿಟ್ಟು ಹಡಗು ಹತ್ತುವಾಗ ಊರಿನ ಸಮುದ್ರದೇವಿಯ ಧೂಪದ ಪಾತ್ರೆಯಿಂದ ಒಂದು ಹಿಡಿ ಬೂದಿಯನ್ನು ಸೊಂಟಕ್ಕೆ ಕಟ್ಟಿಕೊಂಡಿದ್ದರಂತೆ. ಪೆನಾಂಗಿನಲ್ಲಿ ಆ ಬೂದಿಯನ್ನಿಟ್ಟೇ ಹೊಸ ದೇವಸ್ಥಾನ ಕಟ್ಟಿದರು. ಯುದ್ಧದಲ್ಲಿ ಅದು ಸುಟ್ಟುಹೋಯಿತು; ಬೂದಿ ಎತ್ತಿಕೊಂಡು ಓಡಿದವರು ಮರಳಿ ಬಂದು ಮತ್ತೆ ಕಟ್ಟಿದರು. ಎಷ್ಟೋ ವರ್ಷಗಳ ಮೇಲೆ ರಸ್ತೆ ಅಗಲ ಮಾಡಲು ಕೆಡವಿದಾಗ ಮನೆಗಿಷ್ಟು ಎಂದು ಬೂದಿ ಹಂಚಿಕೊಂಡರು. ಆಂಟಿಯ ಪಾಲು ಬಿಸ್ಕತ್ತಿನ ಡಬ್ಬಿಯಲ್ಲಿ ಬಹ್ರೇನಿಗೆ ಬಂತು. ಇದೆಲ್ಲ ನನಗೆ ಮೊದಲೇ ಗೊತ್ತಿದ್ದರೆ!

ಮಂಡಿಯ ಆಪರೇಷನ್‌ಗೆ ಆಸ್ಪತ್ರೆ ಸೇರುವಾಗ ಆಂಟಿ ಕೀಲಿ ಕೊಟ್ಟು, ಗಿಡಕ್ಕೆ ನೀರು ಹಾಕು ಎಂದರು. ಅಷ್ಟೇ. ನನ್ನ ಕೈ ಸುಮ್ಮನಿರಬೇಕಲ್ಲ? ಮನೆಯಿಡೀ ಗುಡಿಸಿ, ಒರೆಸಿ, ಡಬ್ಬಿಯ ಬೂದಿಯನ್ನು ಕಸಕ್ಕೆ ಸುರಿದು, ಫಳಫಳ ತೊಳೆದಿಟ್ಟೆ. ವಿಭೂತಿ ಬುಧವಾರ ಪಾದ್ರಿ ಹಚ್ಚುವ ಬೂದಿಗೆ ಹಣೆಯೊಡ್ಡಿ ನಿಲ್ಲುವವಳಿಗೆ ಇಷ್ಟೂ ಹೊಳೆಯಲಿಲ್ಲ.

ಮರಳಿ ಬಂದ ಆಂಟಿ ಡಬ್ಬಿ ನೋಡಿ ಕುಳಿತುಬಿಟ್ಟರು. ಬಯ್ಯಲಿಲ್ಲ; ಮೇಲಿನ ಕತೆಯನ್ನೆಲ್ಲ ಮೆಲ್ಲಗೆ ಹೇಳಿದರು. ಕಸದ ಲಾರಿ ಹೋಗಿ ಮೂರು ದಿನವಾಗಿತ್ತು.

"ಎಂತ ಮಾಡಿದ್ದು ಮಾರಾಯ್ತಿ ನೀನು! ಇಗರ್ಜಿಯನ್ನೇ ಗುಡಿಸಿ ಹಾಕಿದ ಹಾಗೆ ಆಯ್ತಲ್ಲ," ಎಂದ ನನ್ನ ಗಂಡ. ನಾನು ಗಳಗಳ ಅತ್ತೆ.

ಮಾರನೆಯ ದಿನ ಆಂಟಿಯೇ ಬಾಗಿಲು ತಟ್ಟಿದರು. ಇಲ್ಲೇ ಬಹ್ರೇನಿನ ಅಸ್ಕರ್‌ನಲ್ಲಿರುವ ತಮ್ಮೂರಿನ ವೆಲ್ಡರ್‌ಗೆ ಹಿಂದೊಮ್ಮೆ ಒಂದು ಚಮಚ ಬೂದಿ ಕೊಟ್ಟಿದ್ದು ಅವರಿಗೆ ನೆನಪಾಗಿತ್ತು. ಶುಕ್ರವಾರ ನಾನೇ ಕಾರು ತೆಗೆದುಕೊಂಡು ಹೋದೆ. ಆತ ತನ್ನ ಪುಟ್ಟ ಪಾತ್ರೆಯಿಂದ ಒಂದು ಚಮಚ ತೆಗೆದು ಎರಡೂ ಕೈಯಲ್ಲಿ ಕೊಟ್ಟ. ಡಬ್ಬಿಯ ಮುಚ್ಚಳ ಬಿಗಿಯಾಗಿದ್ದರೂ ಎಲ್ಲಿ ಹಾರಿಹೋಗುತ್ತದೋ ಎಂದು, ಆ ಸೆಕೆಯಲ್ಲಿ, ನಾನು ಎಸಿ ಹಾಕದೆ ಮನೆ ಮುಟ್ಟಿದೆ. ಅದರಲ್ಲೇ ಆಂಟಿ ಮತ್ತೆ ಊದುಬತ್ತಿ ಹಚ್ಚಿದರು.

ಈಗ ಪೆನಾಂಗಿನಿಂದ ಆಂಟಿಯ ಮೊಮ್ಮಗಳು ಬಂದಿದ್ದಾಳೆ, ದೇವಸ್ಥಾನದ ಚರಿತ್ರೆ ಬರೆದಿಡಲು. ಇವತ್ತು ಸಂಜೆ ನೀರುದೋಸೆ ಕೊಡಲು ಹೋದವಳು ಹೊಸ್ತಿಲಲ್ಲೇ ನಿಂತೆ.

"ಮೊದಲ ಸಲ ಹಾಳು ಮಾಡಿದ್ದು ಯುದ್ಧ," ಎನ್ನುತ್ತಿದ್ದರು ಆಂಟಿ. "ಎರಡನೆಯ ಸಲ ರಸ್ತೆ. ಮೂರನೆಯ ಸಲ ಇವಳು." ಬೆರಳು ನನ್ನತ್ತ ಇತ್ತು.

ಹುಡುಗಿ ಬರೆದುಕೊಂಡಳು. "ಮತ್ತೆ ಕಟ್ಟಿದ್ದು ಯಾರು ಅಜ್ಜಿ?"

"ಇವಳೇ. ಹೆಸರು ಸರಿಯಾಗಿ ಕೇಳಿ ಬರೆದುಕೋ."

ನನ್ನೂರಿನ ಇಗರ್ಜಿಯ ಯಾವ ಕಲ್ಲಿನಲ್ಲೂ ನನ್ನ ಹೆಸರಿಲ್ಲ. ತಟ್ಟೆ ಹಿಡಿದು ನಿಂತಲ್ಲೇ, ಒಂದೊಂದೇ ಅಕ್ಷರವಾಗಿ ನನ್ನ ಹೆಸರು ಹೇಳಿದೆ.