ಮೆಣಸಿನಕಾಯಿ ಕಾಟಾದ ಮೇಲೆ ನನ್ನ ತೂಕ

ತೂಕ ಇಳಿಸುವ ಕಂಪನಿಯ ಡಬ್ಬಿ ಪುಡಿ ದುಬಾರಿ. ನಾನು ಅವ್ವನ ಹುರಳಿ ಹಿಟ್ಟನ್ನೇ ಕದಡಿ ಕುಡಿದೆ. ಅಂಥ ತಲೆ ನಮ್ಮೂರು ಅಗಡಿಯಲ್ಲೆಲ್ಲ ನನಗೊಬ್ಬನಿಗೇ ಇರೋದು. ಈ ವಾರ ಒಂದು ಕಿಲೋ ಇಳಿಯದಿದ್ದರೆ ವಾಟ್ಸಾಪ್ ಗುಂಪಿನಿಂದ ತೆಗೆಯುತ್ತೇನೆ ಎಂದಿದ್ದರು ಕಂಪನಿಯ ಮೇಡಂ. ನಾನು ಚೀಲ ಹೊರುವ ಬ್ಯಾಡಗಿ ಮೆಣಸಿನಕಾಯಿ ಪೇಟೆಯಲ್ಲಿ, ತೂಕ ಮಾಡುವ ರಾಜೇಸಾಬ ಕಾಕಾನ ಕಾಟಾ ಹತ್ತಿ ನಿಂತೆ.

"ಎಂಬತ್ತೊಂದು" ಎಂದರು ಕಾಕಾ.

ಹೋದ ವಾರ ಹಾವೇರಿಯ ಔಷಧಿ ಅಂಗಡಿಯಲ್ಲಿ ಎಂಬತ್ತೆರಡಿತ್ತು. ತಕ್ಷಣ ಹೊಸ ತೂಕವನ್ನು ಗುಂಪಿಗೆ ಕಳಿಸಿ ಮೀಸೆ ತಿರುವಿದೆ.

"ಚೀಲದ್ದು ಒಂದು ಕಿಲೋ ಕಳದ ಹೇಳೇನಿ. ರೂಢಿ ನೋಡು" ಎಂದರು ಕಾಕಾ.

"ನನಗೆಲ್ಲೈತ್ರಿ ಕಾಕಾ ಚೀಲ?"

ಕಾಕಾ ನನ್ನ ಹೊಟ್ಟೆ ತಟ್ಟಿದರು. "ಮತ್ತ ಇದೇನು?"

ಅಷ್ಟರಲ್ಲಿ ಮೇಡಂ ಶಾಬಾಸ್ ಅಂದಾಗಿತ್ತು. ಕಾಕಾ ಹೇಳಿದ ತೂಕವನ್ನು ಈ ಪೇಟೆಯ ಯಾವ ಸಾಹುಕಾರನೂ ಪ್ರಶ್ನಿಸಿದವನಲ್ಲ. ನಾನ್ಯಾಕೆ ಪ್ರಶ್ನಿಸಲಿ?