ಕ್ಲಿನಿಕ್ ಮುಚ್ಚಿಸಿದ ಮರ್ಯಾದೆ

ಇವತ್ತು ಅಡಿಲೇಡ್ ಕಡಲತೀರದಲ್ಲಿ ಒಣಗಿದ ಕಡಲಪಾಚಿಯ ವಾಸನೆ ಮೂಗಿಗೆ ಬಡಿದು, ನಾನು ಬೆಳೆದ ಐರ್ಲೆಂಡಿನ ಹಳ್ಳಿ ನೆನಪಾಯಿತು. ಅಲ್ಲಿ ಎಲ್ಲರದೂ ಐರಿಶ್ ಮಾತು. ಹೊರಗಿನವರೊಬ್ಬರು ಬಂದರೆ ಮಾತ್ರ, ಮರ್ಯಾದೆಗೆಂದು, ಇಡೀ ಊರು ಇಂಗ್ಲಿಷಿಗೆ ಹೊರಳುತ್ತಿತ್ತು.

ಕರ್ನಾಟಕದಿಂದ ಹೋಗಿದ್ದ ನನ್ನ ಅಮ್ಮ ನರ್ಸ್ ಆಗಿದ್ದ ಆ ಊರಿನ ಕ್ಲಿನಿಕ್ ಮುಚ್ಚುತ್ತೇವೆಂದು ಹೇಳಲು ಪಟ್ಟಣದಿಂದ ಅಧಿಕಾರಿಯೊಬ್ಬ ಬಂದ. ಐರಿಶ್‌ನಲ್ಲಿ ಊರನ್ನೇ ನಡುಗಿಸುತ್ತಿದ್ದ ನೋರಾ ಅಜ್ಜಿ ಅವನೆದುರು ಇಂಗ್ಲಿಷ್ ಪದಗಳಿಗೆ ತಡಕಾಡಿ, ಕೊನೆಗೆ "ಸರಿ ಸಾರ್" ಎಂದು ಕೂತುಬಿಟ್ಟರು.

"ನಿಮ್ ಭಾಷೇಲೇ ಬೈರಿ ಅಜ್ಜಿ!" ಅಮ್ಮ ತನ್ನ ಹರಕುಮುರುಕು ಐರಿಶ್‌ನಲ್ಲಿ ಪಿಸುಗುಟ್ಟಿದಳು.

"ಅಯ್ಯೋ, ಪಾಪ, ಅವನಿಗೆ ಅರ್ಥ ಆಗಲ್ವಲ್ಲಮ್ಮ."

ಕ್ಲಿನಿಕ್ ಮುಚ್ಚಿತು. ಎದೆನೋವು ಬಂದರೂ ಅಜ್ಜಿ ಪಟ್ಟಣದ ಬಸ್ಸಿಗೆ ಕಾಯಬೇಕಾಯಿತು. ಅರ್ಥವಾಗದ್ದು ಅವನ ಕೊರತೆ. ಅದಕ್ಕೆ ಊರೇಕೆ ದಂಡ ತೆರಬೇಕಿತ್ತು?

ಈಗ ಅಡಿಲೇಡಿನ ಮಾಡ್ಬರಿ ಬಡಾವಣೆಯ ಮನೆಯಲ್ಲಿ ಕೂತು ಇದನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ಅರ್ಥವಾಗದವರು ಕೇಳಿ ತಿಳಿಯಲಿ.